ನಲವತ್ತು ನಿಮಿಷ

ಕಚೇರಿಯ ಗೋಡೆ ಗಡಿಯಾರಕ್ಕೆ ಕೀಲಿ ಕೊಡುವವನು ನಾನೇ, ಅದನ್ನು ನೋಡಿ ಅಂಗಳದ ಗಂಟೆ ಹೊಡೆಯುವವನೂ ನಾನೇ, ಖಟ್ಲೆಗೆ ಬಂದವರ ಹೆಸರು ಕೂಗುವವನೂ ನಾನೇ. ಈ ಹಾವಗೆಪ್ಪ ಹೊಡೆದದ್ದೇ ಊರಿಗೆ ವೇಳೆ. ಮಂದಿಯ ಹತ್ತಿರ ಗಡಿಯಾರ ಎಲ್ಲಿಂದ ಬರಬೇಕು?

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ದಿನ ಎಲ್ಲರೂ ಬೀದರಿಗೆ ಮೆರವಣಿಗೆ ನೋಡಲು ಹೋದೆವು. ಕೀಲಿ ಇಲ್ಲದೆ ಗಡಿಯಾರ ನಿಂತಿತ್ತು. ಮರುದಿನ ಅಂದಾಜಿನ ಮೇಲೆ ನಡೆಸಿದೆ. ರೈಲು ಬಂದಾಗ ಗೊತ್ತಾಯಿತು, ಒಂದು ತಾಸು ಹಿಂದಿದೆ. ಮುಳ್ಳು ತಿರುಗಿಸಲಿಲ್ಲ. ಒಮ್ಮೆಲೇ ತಿರುಗಿಸಿದರೆ ಗಂಟೆ ನಂಬಿದವರ ಹೊತ್ತು ಮಣ್ಣುಪಾಲು. ಲೋಲಕದ ತಿರುಪು ಬಿಗಿ ಮಾಡಿ, ದಿನಕ್ಕೆ ಎರಡು ನಿಮಿಷ ಹೆಚ್ಚು ಓಡುವಂತೆ ಮಾಡಿದೆ. ಹತ್ತು ದಿನವಾಗಿತ್ತು. ಇನ್ನೂ ನಲವತ್ತು ನಿಮಿಷ ಉಳಿದಿತ್ತು.

ಅಂದು ಹಲಬರ್ಗಾದಿಂದ ನನ್ನ ತಂಗಿ ಗುಂಡಮ್ಮ ಬಂದಳು. ಗಂಡ ಸತ್ತ ಮೇಲೆ ಅವಳಿರುವ ಮನೆ ತನ್ನದೆಂದು ಮೈದುನ ತಕರಾರು ಎತ್ತಿದ್ದ, ಇವಳು ಕಚೇರಿಗೆ ಅರ್ಜಿ ಹಾಕಿದ್ದಳು. ಅಂದೇ ಖಟ್ಲೆಯ ಕಡೆಯ ವಾಯಿದೆ, ಹನ್ನೊಂದಕ್ಕೆ. ಹತ್ತು ಹೊಡೆದು ನಾನೇ ಹೇಳಿದೆ.

"ಇನ್ನಾ ತಾಸ ಅದ. ಬಜಾರಕ್ಕ ಹೋಗಿ ಏನರೆ ತಿಂದು ಬಾ."

ಅವಳು ಹೋಗಿ ಇಪ್ಪತ್ತು ನಿಮಿಷಕ್ಕೆ ಖಟ್ಲೆ ನಡೆಸುವ ಸಾಹೇಬರು ಬಂದರು. ಮೈಸೂರಿನ ಕಡೆಯಿಂದ ಹೊಸದಾಗಿ ಬಂದವರು, ಅಂದೇ ಮೊದಲ ದಿನ. ಕೈಗಡಿಯಾರ ನೋಡಿಕೊಂಡರು.

"ಏನಯ್ಯಾ ಇದು, ನಲವತ್ತು ನಿಮಿಷ ಹಿಂದಿದೆ!"

"ದಿನಾ ಎರಡೆರಡ ನಿಮಿಷ ಮುಂದ ತರ್ಲತ್ತೀನ್ರಿ ಸಾಹೇಬ್ರಿ. ಒಮ್ಮಿಗೇ ಸರಿಸಿದ್ರ ಮಂದಿಗಿ ತ್ರಾಸ ಆಗ್ತದ್ರಿ."

"ನಿನ್ನ ಉಪಾಯ ಯಾರು ಕೇಳಿದ್ರು?" ಎಂದು ತಾವೇ ಮುಳ್ಳು ಹನ್ನೊಂದಕ್ಕೆ ತಂದರು. "ಹೊಡಿ."

ತಂಗಿ ಬಜಾರದಲ್ಲಿದ್ದಾಳೆ ಎನ್ನಬೇಕಿತ್ತು. ಹೊಡಿ ಎಂದರೆ ನನ್ನ ಕೈ ಹೊಡೆಯುತ್ತದೆ, ಇಪ್ಪತ್ತು ವರ್ಷದ ರೂಢಿ. ಹನ್ನೊಂದು ಹೊಡೆದೆ. ಆಮೇಲೆ ಬಾಗಿಲಲ್ಲಿ ನಿಂತು ಗುಂಡಮ್ಮನ ಹೆಸರು ಮೂರು ಸಲ ಕೂಗಿದೆ. ಮೈದುನ ಹಾಜರಿದ್ದ. ಅವಳು ಗೈರುಹಾಜರೆಂದು ಅರ್ಜಿ ವಜಾ ಆಯಿತು. ನನಗೆ ಏನೂ ಅನಿಸಲಿಲ್ಲ. ಅನಿಸಬೇಕಿತ್ತು.

ಗುಂಡಮ್ಮ ಬಂದಳು, ಕಾಗದದಲ್ಲಿ ನನಗೆಂದು ಭಜಿ ಕಟ್ಟಿಸಿಕೊಂಡು. ಆದದ್ದನ್ನು ಹೇಳಿದೆ. ಅಂಗಳದಲ್ಲಿ ಕೂತುಬಿಟ್ಟಳು.

"ಗಂಟಿ ಕೇಳಿಸಿಲ್ಲೇನು?" ಎಂದೆ.

"ಕೇಳಿಸ್ತಣ್ಣಾ. ಹನ್ನೊಂದು ಎಣಿಸಿದೆ. ನೀ ತಾಸ ಅದ ಅಂದಿದ್ದಿ, ನಾನೇ ತಪ್ಪ ಎಣಿಸಿದೆ ಅನಕೊಂಡೆ."

ಭಜಿ ಆರುತ್ತಿತ್ತು. ಇಬ್ಬರೂ ಮುಟ್ಟಲಿಲ್ಲ. ಹನ್ನೆರಡಾಯಿತು. ಎದ್ದು ಹೋಗಿ ಹೊಡೆದೆ. ಅವಳು ಎಣಿಸಲಿಲ್ಲ.