ಮುಂಗುಸಿಯ ಮೂಗು, ಆಮೆಯ ಮಡಕೆ

ಕಲ್ಲುಗಣಿಯ ಪಕ್ಕದಲ್ಲಿ ಬೆಳೆದಿದ್ದ ಒಂದು ಊರಿನಲ್ಲಿ ಆನೆಯಿಂದ ಇಲಿಯವರೆಗೆ ಎಲ್ಲರೂ ಕೆಮ್ಮುತ್ತಿದ್ದರು. ಹೆಚ್ಚಿನವರದು ಧೂಳಿನ ಕೆಮ್ಮು. ಬೆಲ್ಲದ ನೀರು ಕುಡಿದರೆ ಇಳಿಯುತ್ತಿತ್ತು. ಕೆಲವರದು ಎದೆಗೆ ಹುಳ ಹೊಕ್ಕ ಕೆಮ್ಮು. ಅದು ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತಿತ್ತು, ಕೊಲ್ಲುತ್ತಲೂ ಇತ್ತು.

ಯಾವುದು ಯಾವ ಕೆಮ್ಮು ಎಂದು ತೀರ್ಮಾನಿಸುವ ಅಧಿಕಾರ ಆಮೆಯದು. ರೋಗಿಯ ಕಫವನ್ನು ಮಡಕೆಯಲ್ಲಿಟ್ಟು, ಮಡಕೆಯ ಬಾಯಿಗೆ ಬಟ್ಟೆ ಕಟ್ಟಿ, ಒಳಗೆ ಬೂಷ್ಟು ಬೆಳೆಯುತ್ತದೋ ಎಂದು ಅದು ಕಾಯುತ್ತಿತ್ತು. ಬೆಳೆದರೆ ಹುಳ, ಇಲ್ಲದಿದ್ದರೆ ಧೂಳು. ಎರಡು ಹುಣ್ಣಿಮೆಗಳಾದರೂ ಕಳೆಯುತ್ತಿದ್ದವು. ಅಷ್ಟರಲ್ಲಿ ರೋಗಿ ಗುಣವಾಗಿರುತ್ತಿದ್ದ, ಇಲ್ಲವೇ ಸತ್ತಿರುತ್ತಿದ್ದ. ಹೀಗಾಗಿ ಆಮೆಯ ತೀರ್ಪನ್ನು ಯಾವ ರೋಗಿಯೂ ಪ್ರಶ್ನಿಸಿದ್ದಿಲ್ಲ.

ಆ ಊರಿಗೆ ಪರದೇಶದಿಂದ ಒಂದು ಮುಂಗುಸಿ ಬಂತು. ಕಫವನ್ನು ಮೂಸಿದರೆ ಸಾಕು, ಒಲೆಯ ಮೇಲಿಟ್ಟ ಅನ್ನ ಆಗುವಷ್ಟರಲ್ಲಿ ಅದು ಧೂಳೋ ಹುಳವೋ ಹೇಳಿಬಿಡುತ್ತಿತ್ತು. ಆ ಹುಳ ವೈದ್ಯರ ಬಿಳಿ ಬೇರಿಗೆ ಸಾಯುತ್ತದೋ, ಕರಿ ಬೇರೇ ಬೇಕೋ ಎಂಬುದನ್ನೂ ಹೇಳುತ್ತಿತ್ತು. ಊರು ಅದಕ್ಕೆ ಶಾಲು ಹೊದಿಸಿತು, ತಣ್ಣನೆಯ ಕೋಣೆ ಕಟ್ಟಿಸಿತು. ಆಮೇಲೆ ಅಧ್ಯಕ್ಷ ಆನೆ ಸಭೆ ಕರೆಯಿತು.

ಸಭೆ ಬಹಳ ಯೋಚಿಸಿ ನಿರ್ಣಯ ಮಾಡಿತು: ಇಂಥ ಅಮೂಲ್ಯ ಮೂಗನ್ನು ಕಂಡಕಂಡ ಕೆಮ್ಮಿಗೆಲ್ಲ ಸವೆಸಬಾರದು. ಹುಳ ಇದೆಯೆಂದು ಆಮೆಯ ಮಡಕೆ ಖಚಿತಪಡಿಸಿದವರನ್ನು ಮಾತ್ರ ಮುಂಗುಸಿಯ ಬಳಿ ಕಳಿಸಬೇಕು. ಕೋಣೆಯ ಬೀಗದ ಕೈ ಆಮೆಯ ಬಳಿ ಇರಬೇಕು.

“ಮಡಿಕಿ ಹೇಳಿದ ಮ್ಯಾಲೆ ನಾ ಹೇಳೂದು ಏನ್ ಉಳೀತದ್ರೀ?” ಎಂದು ಮುಂಗುಸಿ ಕೇಳಿತು.

“ಬೇಗ ಹೇಳೂದು,” ಎಂದಿತು ಆಮೆ.

ಆ ಸಭೆಯಲ್ಲಿ ಹಗ್ಗ ಜಗ್ಗಿ ಬೀಸಣಿಗೆ ಆಡಿಸುತ್ತಿದ್ದವನು ದುರುಗಪ್ಪನೆಂಬ ಕತ್ತೆ. ಧೂಳು ಬರುತ್ತದೆಂದು ಸಭಾಭವನದ ಕಿಟಕಿಗಳನ್ನು ಸದಾ ಮುಚ್ಚಿರುತ್ತಿದ್ದರು. ದುರುಗಪ್ಪ ಕೆಮ್ಮುತ್ತಲೇ ಬೀಸುತ್ತಿದ್ದ. ಅವನ ಕೆಮ್ಮು ಬೀಸಣಿಗೆಯ ಗಾಳಿಯಲ್ಲಿ ಸದಸ್ಯರೆಲ್ಲರಿಗೂ ಸಮನಾಗಿ ಹಂಚಿಕೆಯಾಗುತ್ತಿತ್ತು.

ಅವನ ಪಕ್ಕೆಲುಬುಗಳು ಎದ್ದು ಕಾಣತೊಡಗಿದಾಗ ಹೆಂಡತಿ ನೀಲವ್ವ ಆನೆಯ ಮುಂದೆ ನಿಂತಳು.

“ಧಣ್ಯಾರ, ನನ್ನ ಗಂಡ ಕೆಮ್ಮಿದ್ರ ರಕ್ತ ಬೀಳಾಕತ್ತೇತ್ರಿ. ಆ ಮುಂಗುಸಿ ಒಂದ್ಸಲ ಮೂಸ್ಲಿ.”

“ಮಡಕೆ ಇಟ್ಟಾರಿಲ್ಲೋ?”

“ಇಟ್ಟಾರ್ರೀ. ಮಡಕ್ಯಾಗಿನ ಹುಳ ಬೆಳೀಲಿ ಅಂತ ಕಾಯಾಕತ್ತಾರ. ಎದ್ಯಾಗಿನದು ಯಾರಿಗೂ ಕಾಯವಲ್ದು.”

“ಈ ಊರಾಗ ಕೆಮ್ಮದವ್ರು ಯಾರದಾರವಾ? ಮಡಕೆ ಹೇಳೂತನಕಾ ಅದು ಬರೀ ಧೂಳು. ಕೆಲಸಕ್ಕ ಕಳ್ಸು.”

ನೀಲವ್ವ ಕಳಿಸಿದಳು. ರೋಗ ಖಚಿತವಾಗದೆ ರಜೆ ಇರಲಿಲ್ಲ.

ಕೊನೆಗೊಂದು ದಿನ ಮಡಕೆಯಲ್ಲಿ ಬೂಷ್ಟು ಕಾಣಿಸಿತು. ಆಮೆ ಕೋಣೆಯ ಬೀಗ ತೆಗೆಯಿತು. ಮುಂಗುಸಿ ಮೂಸಿ ನೋಡಿ, “ಹುಳ. ಬಿಳಿ ಬೇರಿಗೆ ಬಗ್ಗೂದಲ್ಲ, ಕರಿ ಬೇರು ಕೊಡ್ರಿ,” ಎಂದಿತು. ಅಷ್ಟು ಹೊತ್ತಿಗೆ ಒಲೆಯ ಮೇಲಿನ ಅನ್ನ ಆಗಿತ್ತು. ಎಂಥ ವೇಗ ಎಂದು ಊರಿನಲ್ಲಿ ಡಂಗುರ ಸಾರಲಾಯಿತು. ದುರುಗಪ್ಪನಿಗೆ ರಜೆಯೂ ಕರಿ ಬೇರೂ ಸಿಕ್ಕವು. ಅವನು ಎದ್ದು ಕೂರುವಂತಾದ.

ಆ ವೇಳೆಗೆ ಆನೆಯ ಸೊಂಡಿಲಿನಲ್ಲೂ ರಕ್ತ ಕಂಡಿತ್ತು. ಅದು ಬೀಗದ ಕೈ ಕೇಳಿದಾಗ ಆಮೆ, “ನಿಮ್ಮ ನಿರ್ಣಯ ಧಣಿ. ನಾ ಮೀರಿದ್ರ ನಿಮಗಽ ಅಪಮಾನ,” ಎಂದು ಹೊಸ ಮಡಕೆ ತೊಳೆಯತೊಡಗಿತು. ನಿರ್ಣಯವನ್ನು ಬದಲಿಸಲು ಸಭೆ ಸೇರಿತು. ಸದಸ್ಯರೆಲ್ಲರೂ ಒಟ್ಟಿಗೆ ಕೆಮ್ಮುತ್ತಿದ್ದುದರಿಂದ ತಿದ್ದುಪಡಿ ಏನೆಂಬುದು ಯಾರಿಗೂ ಕೇಳಿಸಲಿಲ್ಲ. ಹಿಂದಿನ ನಿರ್ಣಯವೇ ಉಳಿಯಿತು.

ಆನೆ ಏದುಸಿರು ಬಿಡುತ್ತ ನೀಲವ್ವನ ಬಾಗಿಲಿಗೆ ಬಂತು. “ನಿನ್ನ ಗಂಡನ ಕರಿ ಬೇರಿನಾಗ ಒಂದ್ ಚೂರು ಕೊಡವಾ.”

ನೀಲವ್ವ ಒಳಗೆ ಮಲಗಿದ್ದ ಗಂಡನನ್ನೊಮ್ಮೆ ನೋಡಿದಳು. ಸೆರಗು ಸರಿಮಾಡಿಕೊಂಡು ವಿನಯದಿಂದಲೇ ಹೇಳಿದಳು:

“ಮಡಕೆ ಹೇಳೂತನಕಾ ಅದು ಬರೀ ಧೂಳ್ರೀ ಧಣ್ಯಾರ. ಕೆಲಸಕ್ಕ ನಡೀರಿ. ಬೀಸಣಿಗಿ ಜಗ್ಗಾಕೂ ಯಾರೂ ಇಲ್ಲಂತ.”