ಅಕ್ಕನ ಹಲ್ಲು

ಚಿಕ್ಕಂದಿನಿಂದಲೂ ಅಕ್ಕನ ಆಯುಧ ಹಲ್ಲೇ. ಆದರೆ ಮೊಮ್ಮಕ್ಕಳನ್ನು ಕಂಡ ವಯಸ್ಸಿನಲ್ಲೂ ಅವಳು ಕಚ್ಚಿಯಾಳೆಂದು ತಂಗಿ ಕನಸುಮನಸಿನಲ್ಲೂ ಎಣಿಸಿರಲಿಲ್ಲ. ತೀರಿಕೊಂಡ ಅಮ್ಮನ ಬಾಡಿಗೆ ಮನೆ ಖಾಲಿ ಮಾಡುವಾಗ ಒಂದು ಹಳೇ ಕತ್ತರಿಗಾಗಿ ಜಟಾಪಟಿ ಶುರುವಾಯಿತು. ಹೊಲಿಗೆಯವಳಾದ ತನಗೇ ಅದು ಸೇರಬೇಕೆಂದು ತಂಗಿ ಹಿಡಿದುಕೊಂಡಳು. ಅಕ್ಕ ಎಳೆದಳು, ಎಳೆದು ಸಾಕಾಗಿ, ತಂಗಿಯ ಬಲಗೈ ತೋರುಬೆರಳಿನ ಗೆಣ್ಣಿಗೇ ಬಾಯಿ ಹಾಕಿದಳು. ಕೊನೆಗೆ ಇಬ್ಬರೂ ಕತ್ತರಿಯನ್ನು ಅಲ್ಲೇ ಬಿಟ್ಟು, ಮಾತಿಲ್ಲದೆ ತಮ್ಮ ತಮ್ಮ ದಾರಿ ಹಿಡಿದರು.

ತಂಗಿ ತನ್ನ ಒಂಟಿ ಕೋಣೆಗೆ ಬಂದು ಗಾಯಕ್ಕೊಂದು ಚಿಂದಿ ಸುತ್ತಿ ಸುಮ್ಮನಾದಳು. ಮರುದಿನ ಬೆರಳು ಊದಿ ಮಡಚಲು ಬರಲಿಲ್ಲ. ಎಡಗೈಯಲ್ಲಿ ಸೂಜಿಗೆ ದಾರ ಪೋಣಿಸಲು ಹೋಗಿ ಸೋತು ಕೂತಾಗ ಅಳು ಬಂತು. ನೋವಿಗಲ್ಲ. ಏನಾಯಿತೆಂದು ಕೇಳಲು ಅಮ್ಮನಿಲ್ಲ. ಉಳಿದಿದ್ದ ಒಬ್ಬಳು ಕಚ್ಚಿ ಹೋಗಿದ್ದಳು.

“ನಾಯಿನಾ?” ಆಸ್ಪತ್ರೆಯ ನರ್ಸ್ ಕೇಳಿದಳು. ಬೀದಿಗೆಲ್ಲ ಕೇಳುವಂಥ ಗಂಟಲು ಅವಳದು.

“ಹೂಂ.”

“ನಾಯಿ ಬಾಯಿ ಹೀಗಿರಲ್ಲಮ್ಮ. ಸುಳ್ಳು ಹೇಳಿದ್ರೆ ನಾಯಿ ಇಂಜೆಕ್ಷನ್ನೇ ಚುಚ್ಚಿಸ್ಕೋಬೇಕಾಗುತ್ತೆ.”

“ಅಕ್ಕ,” ಎಂದಳು ತಂಗಿ, ನೆಲ ನೋಡುತ್ತ.

ನರ್ಸ್ ನಗಲಿಲ್ಲ. ಗಾಯಕ್ಕೆ ತುಂಬ ಹೊತ್ತು ನೀರು ಬಿಟ್ಟು ತೊಳೆದಳು. “ಮನುಷ್ಯರ ಬಾಯಲ್ಲೂ ಕೊಳಕು ಕಮ್ಮಿಯಿಲ್ಲ. ಗೆಣ್ಣೊಳಗೆ ಕೀವಾದ್ರೆ ಬೆರಳು ಸೆಟೆದೇ ಹೋಗುತ್ತೆ. ಕಚ್ಚಿದ ತಕ್ಷಣ ಬರ್ಬೇಕಿತ್ತು.”

ಡಾಕ್ಟರು ನೋಡಿ, ಮಾತ್ರೆ ಬರೆದು, ಧನುರ್ವಾಯು ಬಾರದಂತೆ ಇಂಜೆಕ್ಷನ್ ಕೊಡಿಸಿದರು.

“ಹೊಲಿಗೆ ಹಾಕಲ್ವಾ?” ಕಸುಬಿನ ಕುತೂಹಲದಿಂದ ತಂಗಿ ಡಾಕ್ಟರನ್ನು ಕೇಳಿದಳು.

“ಹಾಕಿದ್ರೆ ಕೀವು ಒಳಗೇ ಉಳಿಯುತ್ತೆ. ಹಾಗೇ ಬಿಡ್ಬೇಕು. ಮತ್ತೆ, ಕಚ್ಚಿದವರ ರಕ್ತಾನೂ ನೋಡ್ಬೇಕು. ಕಾಮಾಲೆ ತರೋ ವೈರಸ್ ಹೀಗೂ ಅಂಟಬಹುದು. ಕರೆಸಿ.”

ಫೋನ್ ಮಾಡಲು ಬೆರಳಿಗಿಂತ ಮನಸ್ಸೇ ಮಡಚಲಿಲ್ಲ. ಕೊನೆಗೂ ಮಾಡಿದಳು. “ಅಕ್ಕಾ, ನಿನ್ನ ರಕ್ತ ಬೇಕಂತೆ.”

“ಇಷ್ಟು ವರ್ಷ ಕುಡಿದಿದ್ದು ಸಾಲ್ದಾಯ್ತಾ?” ಎಂದು ಅಕ್ಕ ಫೋನ್ ಇಟ್ಟುಬಿಟ್ಟಳು.

ಆದರೂ ಬಂದಳು. ನಡುವೆ ಒಂದು ಖಾಲಿ ಕುರ್ಚಿ ಬಿಟ್ಟು ಕೂತಳು, ರಕ್ತ ಕೊಟ್ಟಳು, ಹೋದಳು. ರಿಪೋರ್ಟ್ ಬರುವ ದಿನವೂ ಹಾಗೇ ಬಂದು, ಪರದೆಗೆ ಅಂಟಿಕೊಂಡ ಕುರ್ಚಿಯಲ್ಲಿ ಮುಖ ಊದಿಸಿಕೊಂಡು ಕೂತಳು. ಪರದೆಯೊಳಗೆ ನರ್ಸ್ ತಂಗಿಯ ಬೆರಳಿಗೆ ಹೊಸ ಪಟ್ಟಿ ಕಟ್ಟುತ್ತಿದ್ದಳು.

“ನಿಮ್ಮಕ್ಕನ ರಕ್ತ ಚೆನ್ನಾಗಿದೆ, ಏನೂ ಇಲ್ಲ. ಅವರಿನ್ನು ಬರೋದೇ ಬೇಡ. ನಾಳೆ ಪಟ್ಟಿ ಬದಲಾಯಿಸೋಕೆ ನೀವೊಬ್ರೇ ಬಂದ್ರೆ ಸಾಕು.”

ಒಳ್ಳೆಯ ಸುದ್ದಿಯೇ. ಆದರೆ ತಂಗಿಗೆ ನಾಳೆಯಿಂದ ಅಕ್ಕನನ್ನು ಕರೆಯಲು ನೆಪವೇ ಇರಲಿಲ್ಲ.

ಹೊರಗೆ ಬಂದು, ಪಟ್ಟಿಯ ತುದಿ ಸರಿಪಡಿಸಿಕೊಳ್ಳುತ್ತ ಹೇಳಿದಳು: “ನಾಳೇನೂ ಇಬ್ರೂ ಬರ್ಬೇಕಂತೆ.”

ನರ್ಸಿನ ಆ ಗಂಟಲು ಅಕ್ಕನಿಗೆ ಕೇಳದಿರಲು ಸಾಧ್ಯವೇ ಇರಲಿಲ್ಲ. ಅವಳು ಒಮ್ಮೆ ಪರದೆಯ ಕಡೆ ನೋಡಿದಳು, ಒಮ್ಮೆ ತಂಗಿಯ ಬೆರಳನ್ನು ನೋಡಿದಳು.

“ಎಷ್ಟೊತ್ತಿಗೆ?” ಎಂದಳು.