ಸತ್ತು ಬರ್ತೀನಿ

ಕತ್ತಿಯೇಟಿಗೆ ಬೀಳುವುದನ್ನೇ ಹೊಟ್ಟೆಪಾಡು ಮಾಡಿಕೊಂಡವನ ಮಗನಾಗಿ ಹುಟ್ಟಿದರೆ ಶಾಲೆಯಲ್ಲಿ ಏನೇನು ಕೇಳಿಸಿಕೊಳ್ಳಬೇಕಾಗುತ್ತದೆ ಎಂಬುದು ಯಾಸುಶಿಗೆ ಚೆನ್ನಾಗಿ ಗೊತ್ತಿತ್ತು. "ನಿಮ್ಮಪ್ಪ ನಿನ್ನೆ ಟಿವಿಲಿ ಮತ್ತೆ ಹೋಗ್ಬಿಟ್ನಂತಲ್ಲೋ, ಸೂತಕ ಎಷ್ಟು ದಿನ?" ಎಂದು ಹುಡುಗರು ಕಾಲೆಳೆಯುತ್ತಿದ್ದರು.

ಅಪ್ಪ ಗಿಸಾಬುರೊ ಸಮುರಾಯಿ ಸಿನಿಮಾಗಳಲ್ಲಿ ನಾಯಕನ ಕೈಯಲ್ಲಿ ಸಾಯುವ ನಟ. ಅವನ ಹೆಸರು ಪರದೆಯ ಮೇಲೆ ಬರುತ್ತಿರಲಿಲ್ಲ, ಮುಖವೂ ಅಷ್ಟೆ. ಮುಖ ತೋರಿಸಿ ಸಾಯಬಾರದು ಎನ್ನುವುದು ಆ ಕಸುಬಿನ ಮೊದಲ ಪಾಠ. ಈಗ ಸತ್ತವನೇ ಮುಂದಿನ ದೃಶ್ಯದಲ್ಲಿ ಬೇರೊಬ್ಬನಾಗಿ ಬಂದು ಇನ್ನೊಮ್ಮೆ ಸಾಯಬೇಕಲ್ಲ! ಅಂಥ ಸಿನಿಮಾಗಳು ಕಡಿಮೆಯಾದ ಮೇಲೆ ಅವನು ಕ್ಯೋಟೊದ ಸಿನಿಮಾ ಪಾರ್ಕಿಗೆ ಸೇರಿಕೊಂಡ. ಹಳೆಯ ಸೆಟ್ಟುಗಳನ್ನೇ ಬೀದಿ ಮಾಡಿ, ಟಿಕೆಟ್ ಇಟ್ಟು, ಜನರನ್ನು ಒಳಗೆ ಬಿಟ್ಟ ಜಾಗ ಅದು. ಅಲ್ಲಿನ ಮರದ ಸೇತುವೆಯ ಬುಡದಲ್ಲಿ ಅಪ್ಪ ದಿನಾ ಸಾಯುತ್ತಿದ್ದ.

ಬೆಳಿಗ್ಗೆ ಹೊರಡುವಾಗ ಬೇರೆ ಮನೆಯ ಗಂಡಸರು "ಹೋಗಿ ಬರ್ತೀನಿ" ಎಂದರೆ, ಅಪ್ಪ ಬಾಗಿಲಲ್ಲಿ ಬೂಟಿಗೆ ಕಾಲು ತೂರಿಸುತ್ತ "ಸತ್ತು ಬರ್ತೀನಿ" ಎನ್ನುತ್ತಿದ್ದ. ಅಡುಗೆಮನೆಯಿಂದ ಅಮ್ಮ ತೊಮೊಯೆ "ಚೆನ್ನಾಗಿ ಸತ್ತು ಬನ್ನಿ" ಎನ್ನುತ್ತಿದ್ದಳು. ಹೊಸದಾಗಿ ಕೇಳಿದವರು ಬೆಚ್ಚಿಬೀಳುತ್ತಿದ್ದರು. ಆ ಮನೆಯಲ್ಲಿ ಮಾತ್ರ ಅದು ಅನ್ನ-ನೀರಿನಷ್ಟು ಸಹಜವಾದ ಮಾತಾಗಿತ್ತು.

ಬರುವ ಭಾನುವಾರಕ್ಕೆ ಆ ಅಮ್ಮ ತೀರಿಕೊಂಡು ಎರಡು ವರ್ಷ. ಅವಳು ಆಸ್ಪತ್ರೆಯಲ್ಲಿ ಕೊನೆಯುಸಿರು ಎಳೆಯುವಾಗ ಅಪ್ಪ ಪಾರ್ಕಿನಲ್ಲಿದ್ದ. ಫೋನು ಮಾಡಿಸಿದರೂ ಬರಲಿಲ್ಲ. ಸಂಜೆ ಎಲ್ಲ ಮುಗಿದ ಮೇಲೆ, ಕಿವಿಯ ಹಿಂದೆ ಬಣ್ಣ ಹಾಗೇ ಉಳಿಸಿಕೊಂಡು ಬಂದು ನಿಂತ. ಯಾಸುಶಿ ನೆಂಟರೆದುರೇ ಅಂದುಬಿಟ್ಟಿದ್ದ: "ಜೀವನಪೂರ್ತಿ ಸುಳ್ಳು ಸಾವು ಸತ್ತೆ. ನಿಜವಾದ ಸಾವು ಒಂದೇ ಒಂದು ಬಂತು, ಅದಕ್ಕೆ ನಿನಗೆ ಪುರುಸೊತ್ತಿರ್ಲಿಲ್ಲ." ಅಪ್ಪ ತಲೆ ತಗ್ಗಿಸಿದ. ಆಮೇಲೆ ಅಪ್ಪ-ಮಗನ ನಡುವೆ ಮಾತಿಲ್ಲ.

ಈ ದಿನದ ಸುತ್ತಾಟ ಹೆಂಡತಿ ಕನಾಯೆಯ ಹುನ್ನಾರ. ಮಗಳು ಚಿಹಾರುಗೆ ಸಿನಿಮಾ ಪಾರ್ಕಿನಲ್ಲಿರುವ ನಿಂಜಾ ಗೂಢಚಾರರ ಮನೆ ನೋಡಬೇಕಂತೆ, ಅದಕ್ಕೇ ಹೋಗೋಣ ಎಂದಳು. ರೈಲಿನಲ್ಲಿ ನಿಜ ಬಾಯಿಬಿಟ್ಟಳು. "ಭಾನುವಾರ ಅತ್ತೆ ತಿಥಿಗೆ ಮಾವನ್ನ ಕರೀಬೇಕು. ನೀವೇ ಕರೀಬೇಕು ರೀ."

"ಕರೆದ್ರೂ ಬರಲ್ಲ. ಭಾನುವಾರ ಸಾಯೋದಿರುತ್ತೆ ಅವನಿಗೆ," ಎಂದ ಯಾಸುಶಿ.

"ಬರದಿದ್ರೆ ಅವರ ಇಷ್ಟ. ಕರೆಯದಿದ್ರೆ ಅದು ನಿಮ್ಮ ತಪ್ಪು."

ಅವನು ಕಿಟಕಿಯ ಕಡೆ ತಿರುಗಿಕೊಂಡ. ಕತ್ತಿವರಸೆ ಶುರುವಾಗುವ ಮೊದಲೇ ಏನಾದರೂ ತಿಂದು, ನಿಂಜಾ ಮನೆ ತೋರಿಸಿ, ಮಗಳನ್ನು ಹೊರಡಿಸಿಬಿಡಬೇಕು ಎಂದು ಒಳಗೊಳಗೇ ಲೆಕ್ಕ ಹಾಕಿದ.

ಏಳು ವರ್ಷದ ಮಗಳ ಮುಂದೆ ಯಾವ ಲೆಕ್ಕ ನಿಲ್ಲುತ್ತದೆ? ಪಾರ್ಕಿನ ಬಾಗಿಲು ದಾಟುತ್ತಲೇ ಅವಳು ವೇಷ ಬಾಡಿಗೆಗೆ ಕೊಡುವ ಅಂಗಡಿಗೆ ನುಗ್ಗಿದಳು. ತಾನು ಕಪ್ಪು ಬಟ್ಟೆಯ ನಿಂಜಾ ಆದಳು. ಅಪ್ಪನೂ ವೇಷ ಹಾಕಲೇಬೇಕೆಂದು ನೆಲಕ್ಕೆ ಕೂತಳು. ಕೊನೆಗೆ ಯಾಸುಶಿ ಮಾಸಿದ ಕಿಮೊನೊ, ಸೊಂಟದಲ್ಲಿ ಮರದ ಕತ್ತಿ, ತಲೆಯ ಮೇಲೆ ಬಿಗಿಯಾದ ಜುಟ್ಟಿನ ಟೋಪನ್ನು ಹೊತ್ತು, ಕೆಲಸ ಕಳೆದುಕೊಂಡ ಸಮುರಾಯಿಯಾಗಿ ಬೀದಿಗೆ ಬಂದ.

"ಅಪ್ಪಾ, ತಾತ ಸಾಯೋದು ಎಲ್ಲಿ?" ಎಂದು ಕೇಳಿದಳು ಚಿಹಾರು.

ಪಕ್ಕದಲ್ಲಿ ಹೋಗುತ್ತಿದ್ದ ಅಜ್ಜಿಯೊಬ್ಬಳು ಗಾಬರಿಯಿಂದ ತಿರುಗಿ ನೋಡಿದಳು. ಯಾಸುಶಿ ಉತ್ತರ ಹುಡುಕುವಷ್ಟರಲ್ಲಿ ಸೇತುವೆಯ ಕಡೆಯಿಂದ ಡೋಲಿನ ಸದ್ದು ಬಂತು, ಮಗಳು ಕೈ ಕೊಸರಿಕೊಂಡು ಓಡಿದಳು. ಅವಳ ಹಿಂದೆ ಇವನೂ ಓಡಬೇಕಾಯಿತು.

ಆಟದ ಜಾಗದ ಸುತ್ತ ಕಟ್ಟಿದ್ದ ಹಗ್ಗದ ಈಚೆ ಜನ ಕಿಕ್ಕಿರಿದು ನಿಂತಿದ್ದರು. ನಾಯಕನ ವೇಷದ ಹಯಾಮಾ ಸೇತುವೆ ಇಳಿದು ಬಂದ. ರೌಡಿಗಳು ಸುತ್ತುವರಿದರು. ಹಿಂದಿನಿಂದಲೇ ಯಾಸುಶಿ ಅಪ್ಪನನ್ನು ಗುರುತು ಹಿಡಿದ. ಹೆಗಲು ಇಳಿದುಹೋಗಿತ್ತು, ಕುತ್ತಿಗೆ ಬಡಕಲಾಗಿತ್ತು. ಇಷ್ಟು ಮುದುಕನಾಗಿದ್ದು ಯಾವಾಗ ಎಂದುಕೊಂಡ. ಬರಬಾರದಿತ್ತು ಅನ್ನಿಸಿತು.

ಹಯಾಮಾ ಕತ್ತಿ ಬೀಸಿದ. ಅಪ್ಪ ಮೊದಲು ಮೊಣಕಾಲೂರಿದ, ಆಮೇಲೆ ಭುಜ, ಕೊನೆಗೆ ಮುಖವನ್ನು ಮಣ್ಣಿಗೆ ಹಾಕಿ ಬಿದ್ದ. ಚಿಕ್ಕಂದಿನಲ್ಲಿ ಯಾಸುಶಿಗೂ ಮನೆಯ ಚಾಪೆಯ ಮೇಲೆ ಹೀಗೇ ಬೀಳಲು ಕಲಿಸಿದ್ದ. ಮೊದಲ ಸಲ ಶೂಟಿಂಗ್ ನೋಡಿ ಹುಡುಗ ಹೋ ಎಂದು ಅತ್ತಾಗ ಒಂದು ಮಾತೂ ಕೊಟ್ಟಿದ್ದ. "ಬಿದ್ದ ಮೇಲೆ ಎಡಗೈ ಕಿರುಬೆರಳು ಒಂದ್ಸಲ ಅಲ್ಲಾಡಿಸ್ತೀನಿ. ಅದು ನಿನಗೊಬ್ಬನಿಗೇ. ಅಪ್ಪ ಸತ್ತಿಲ್ಲ ಅಂತ ಅರ್ಥ." ಆಮೇಲೆ ಎಲ್ಲೇ ಬೀಳಲಿ, ಮಗ ನೋಡುತ್ತಿದ್ದಾನೆಂದರೆ ಆ ಬೆರಳು ಅಲುಗುತ್ತಿತ್ತು.

ಯಾಸುಶಿಯ ಕಣ್ಣು ಅವನಿಗೇ ತಿಳಿಯದೆ ಆ ಬೆರಳ ಮೇಲೆ ನೆಟ್ಟಿತು. ಅಲುಗಲಿಲ್ಲ. ಇನ್ನಿಬ್ಬರು ಬಿದ್ದರು, ಜನ ಚಪ್ಪಾಳೆ ತಟ್ಟಿದರು, ಬೆರಳು ಮಾತ್ರ ಮಣ್ಣಿನಲ್ಲಿ ಬಿದ್ದಂತೆಯೇ ಇತ್ತು. ಅವನ ಎರಡು ವರ್ಷದ ಸಿಟ್ಟು ಆ ಗಳಿಗೆಯಲ್ಲಿ ಎಲ್ಲಿ ಹೋಯಿತೋ, ಹಗ್ಗ ಹಾರಿ "ಅಪ್ಪಾ!" ಎಂದು ಕೂಗುತ್ತ ಓಡಿಹೋಗಿ ಪಕ್ಕದಲ್ಲಿ ಕುಸಿದು, ಭುಜ ಹಿಡಿದು ಅಲ್ಲಾಡಿಸಿದ.

ಮಣ್ಣಿನೊಳಗಿನಿಂದ ಪಿಸುದನಿ ಬಂತು. "ಯಾವನಯ್ಯ ನೀನು? ಮುಟ್ಬೇಡ. ಸತ್ತಿದ್ದೀನಿ."

"ಅಪ್ಪಾ, ನಾನು..."

"ಯಾಸುಶಿ? ಹಿಂಗೆ ಕೂತ್ಕೋಬೇಡ ಕಣೋ. ಆಟ ಕೆಡುತ್ತೆ. ಸಾಯಿ!"

ಹಯಾಮಾ ಪಳಗಿದ ಮನುಷ್ಯ. ವೇಷದಲ್ಲಿ ಓಡಿಬಂದ ಈ ಅಪರಿಚಿತನನ್ನು ಒಮ್ಮೆ ದಿಟ್ಟಿಸಿ, "ಓಹೋ, ಇನ್ನೊಬ್ಬ ಉಳ್ಕೊಂಡಿದ್ದಾನೋ!" ಎಂದು ಗರ್ಜಿಸಿ ಕತ್ತಿ ಬೀಸಿಯೇಬಿಟ್ಟ. ಯಾಸುಶಿಯ ಮೈಗೆ ಎಲ್ಲ ನೆನಪಿತ್ತು. ಮೊಣಕಾಲು, ಭುಜ, ಕೊನೆಗೆ ಮುಖ. ಜನ ಹೋ ಎಂದು ಕೂಗಿದರು. "ನಮ್ಮಪ್ಪ! ನಮ್ಮಪ್ಪ ಸತ್ತ!" ಎಂದು ಚಿಹಾರು ಕುಣಿದಾಡುವುದು ಕೇಳಿಸಿತು. ಹಯಾಮಾ ನ್ಯಾಯ, ನೀತಿ, ಬಡವರ ಕಣ್ಣೀರು ಎಂದು ತನ್ನ ಉದ್ದನೆಯ ಭಾಷಣ ಶುರು ಮಾಡಿದ.

ಅಪ್ಪ-ಮಗ ಅಕ್ಕಪಕ್ಕದಲ್ಲಿ ಮಣ್ಣಿಗೆ ಮುಖ ಕೊಟ್ಟು ಮಲಗಿದ್ದರು.

"ಬೆರಳು ಅಲ್ಲಾಡ್ಲಿಲ್ಲ," ಎಂದ ಯಾಸುಶಿ, ತುಟಿ ಅಲುಗದಂತೆ. "ಕಿರುಬೆರಳು. ನಾನು ನಿಜ ಅಂದ್ಕೊಂಡೆ."

"ನೀನು ಬಂದಿರೋದು ನಂಗೇನು ಗೊತ್ತು?" ಅಪ್ಪನ ಉಸಿರಿಗೆ ಧೂಳು ಸ್ವಲ್ಪ ಹಾರಿತು. "ಯಾರಿಗೋಸ್ಕರ ಅಲ್ಲಾಡಿಸ್ಲಿ?"

ಕೇಳಬೇಕಾದ್ದನ್ನು ಈಗ ಕೇಳದಿದ್ದರೆ ಇನ್ನು ಯಾವತ್ತೂ ಕೇಳುವುದಿಲ್ಲ ಎಂದು ಯಾಸುಶಿಗೆ ಅನ್ನಿಸಿತು. "ಆವತ್ತು ಯಾಕೆ ಬರ್ಲಿಲ್ಲ?"

ಹಯಾಮಾನ ಭಾಷಣ ವಿಧವೆಯರ ಶಾಪದವರೆಗೆ ಬಂದಿತ್ತು.

"ಬೆಳಿಗ್ಗೆ ಆಸ್ಪತ್ರೆಯಿಂದ ಹೊರಟೆ. ನಾನು ಬಾಯಿ ಬಿಡೋಕೆ ಮುಂಚೆ ನಿಮ್ಮಮ್ಮ, ಇವತ್ತು ನಾನು ಹೇಳ್ತೀನಿ ಅಂದ್ಲು. ಸತ್ತು ಬರ್ತೀನಿ ಅಂದ್ಲು. ನಗ್ತಾ ಇದ್ಲು ಕಣೋ. ನಾನೂ ನಕ್ಕೆ."

"ಏನಂದೆ?"

"ಏನಂತಾರೆ? ಅವಳು ದಿನಾ ಏನಂತಿದ್ಲೋ ಅದೇ. ಚೆನ್ನಾಗಿ ಸತ್ತು ಬಾ ಅಂದೆ." ದನಿ ಒಡೆಯಿತು. "ಮಧ್ಯಾಹ್ನ ಫೋನು ಬಂತು. ನನ್ನ ಮಾತು ನಡೆಸಿಕೊಟ್ಬಿಟ್ಲು ಅನ್ನಿಸ್ತು. ಕಾಲು ಏಳ್ಲಿಲ್ಲ. ಆಟಕ್ಕೆ ಕರೆದ್ರು, ಹೋಗಿ ಬಿದ್ಕೊಂಡೆ. ನಂಗೆ ಬರೋದು ಅದೊಂದೇ ಅಲ್ವಾ. ಎಲ್ಲ ಮುಗಿದು ಜನ ಹೋದ್ರೂ ಎದ್ದೇಳಕ್ಕಾಗ್ಲಿಲ್ಲ. ಏನು ಅಭಿನಯ ಯಜಮಾನ್ರೇ ಅಂತ ಹೊಗಳಿದ್ರು."

ಯಾಸುಶಿಗೆ ನೆಂಟರೆದುರು ತಾನಾಡಿದ ಮಾತು, ಆಗ ತಗ್ಗಿದ ಆ ತಲೆ, ಎರಡೂ ಒಟ್ಟಿಗೆ ನೆನಪಾದವು. ನಾಚಿಕೆಯಾಯಿತು, ದುಃಖವೂ ಆಯಿತು. ಮೂಗಿನ ಕೆಳಗಿನ ಮಣ್ಣು ಒದ್ದೆಯಾಯಿತು.

"ಭುಜ ಅಲ್ಲಾಡ್ತಿದೆ ನಿಂದು," ಅಪ್ಪ ಪಿಸುಗುಟ್ಟಿದ. "ಹೆಣ ಅಳಲ್ಲ ಕಣೋ."

ಹಯಾಮಾ ಅದನ್ನು ಗಮನಿಸಿರಬೇಕು. ಭಾಷಣವನ್ನು ಅಷ್ಟು ಎಳೆದದ್ದು ಆ ಬೀದಿಯಲ್ಲಿ ಅದೇ ಮೊದಲು.

ಆಟ ಮುಗಿದ ಮೇಲೆ ನಾಲ್ವರೂ ಸೋಬಾ ಶಾವಿಗೆಯ ಅಂಗಡಿಯ ಬೆಂಚಿನಲ್ಲಿ ಕೂತರು. ಅಪ್ಪ ಬಿಸಿ ಸಾರಿನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಚಿಹಾರು ಅವನ ಬಣ್ಣ ಬಳಿದ ಕೆನ್ನೆಯನ್ನು ಬೆರಳಿಂದ ಮುಟ್ಟಿ ನೋಡಿ, "ತಾತ, ಮಣ್ಣು ತಿಂದ್ಯಾ?" ಎಂದು ಕೇಳಿದಳು.

"ಇಷ್ಟು ವರ್ಷದಲ್ಲಿ ಒಂದು ಬೆಟ್ಟದಷ್ಟು ತಿಂದಿದ್ದೀನಿ ಪುಟ್ಟೀ."

ಕನಾಯೆ ಗಂಡನ ಮೊಣಕೈ ತಿವಿದಳು. ಯಾಸುಶಿ ಬಟ್ಟಲು ಕೆಳಗಿಟ್ಟ. "ಅಪ್ಪ, ಭಾನುವಾರ ಅಮ್ಮಂದು. ಬೆಳಿಗ್ಗೆ, ಗುಡಿಯಲ್ಲಿ. ಬರ್ಬೇಕು."

"ಭಾನುವಾರ..." ಎಂದು ಅಪ್ಪ ರಾಗ ಎಳೆದ. "ಭಾನುವಾರ ಜನ ಜಾಸ್ತಿ. ಬೆಳಿಗ್ಗೆಯಿಂದಲೇ ಆಟ."

ಯಾಸುಶಿಯ ಹಳೆಯ ಸಿಟ್ಟು ಬುಸ್ಸೆಂದು ಹೆಡೆಯೆತ್ತಿತು. ಹೇಳಿರಲಿಲ್ಲವೇ ನಾನು ಎಂಬಂತೆ ಹೆಂಡತಿಯ ಕಡೆ ತಿರುಗಿದ. ಆದರೆ ಈ ಸಲ ಬಾಯಿ ತೆರೆಯಲಿಲ್ಲ. ಅಪ್ಪ ಸೋಬಾದ ಎಳೆಗಳನ್ನು ಕಡ್ಡಿಯಿಂದ ಎತ್ತಿ, ಮತ್ತೆ ಸಾರಿಗೇ ಬಿಟ್ಟ. ಪಕ್ಕದ ಬೆಂಚಿನಲ್ಲಿ ಟೋಪನ್ನು ತೆಗೆದು ಬೆವರು ಒರೆಸಿಕೊಳ್ಳುತ್ತಿದ್ದ ಹಯಾಮಾನನ್ನು ಕೂಗಿದ.

"ಲೋ ಹಯಾಮಾ, ಭಾನುವಾರ ನನ್ನ ಬದಲು ಬೇರೆ ಯಾರಾದ್ರೂ ಸಾಯ್ಲಿ. ಮನೇಲಿ ಕೆಲ್ಸ ಇದೆ."

"ಸಾಯ್ಲಿ ಬಿಡಿ ಯಜಮಾನ್ರೇ," ಎಂದ ಹಯಾಮಾ. "ಆದ್ರೆ ನಿಮ್ಮ ಥರ ಸಾಯೋರು ಎಲ್ಲಿದ್ದಾರೆ?"

ಡೋಲು ಮತ್ತೆ ಕೇಳಿಸಿತು. ಅಪ್ಪ ಮೊಣಕಾಲಿಗೆ ಕೈಯೂರಿ ಎದ್ದ. ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ, ಬಾಯಿ ಅಭ್ಯಾಸದಂತೆ, "ಸತ್ತು ಬರ್ತೀ..." ಎಂದು ಅರ್ಧಕ್ಕೇ ನಿಂತುಬಿಟ್ಟ. ಎರಡು ವರ್ಷದಿಂದ ಆ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ. ಅದಕ್ಕೆ ಕೊಡುವ ಉತ್ತರವೇ ಅವನಿಗೆ ಮುಳ್ಳಾಗಿತ್ತು.

ಯಾಸುಶಿ ಎದ್ದು ನಿಂತ. ಅಪ್ಪನ ಭುಜಕ್ಕಂಟಿದ್ದ ಮಣ್ಣನ್ನು ಅಂಗೈಯಿಂದ ಕೊಡವಿದ.

"ಚೆನ್ನಾಗಿ ಸತ್ತು ಬಾ, ಅಪ್ಪ," ಎಂದ. "ನಾವು ಇಲ್ಲೇ ಇರ್ತೀವಿ."

ಅಪ್ಪ ತಿರುಗಿ ನೋಡಲಿಲ್ಲ. ಬೇಗ ಬೇಗ ಸೇತುವೆಯ ಕಡೆ ನಡೆದ.

ಮೂವರೂ ಹೋಗಿ ಹಗ್ಗದ ಹತ್ತಿರವೇ ನಿಂತರು. ಹಯಾಮಾ ಕತ್ತಿ ಬೀಸಿದ. ಮೊಣಕಾಲು, ಭುಜ, ಕೊನೆಗೆ ಮುಖ. ಮಣ್ಣಿನ ಮೇಲಿದ್ದ ಎಡಗೈಯ ಕಿರುಬೆರಳು ಒಮ್ಮೆ ಅಲುಗಿತು. "ಅಪ್ಪಾ, ತಾತನ ಬೆರಳು!" ಎಂದು ಚಿಹಾರು ಕಿರುಚಿದಳು, ಯಾಸುಶಿ ಅವಳ ಬಾಯಿ ಮುಚ್ಚಿದ. ಜನ ಚದುರುವವರೆಗೂ ಅವನು ಅಲ್ಲೇ ಕಾದ. ಆಮೇಲೆ ಅಪ್ಪ ಎದ್ದು, ಬಟ್ಟೆಯ ಧೂಳು ಕೊಡವಿಕೊಂಡು, ಅವರಿದ್ದ ಕಡೆಗೇ ಬಂದ.